ಖಾಲಿ ಸಿಲಿಂಡರುಗಳ ಸಾಲು

ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಆಗಷ್ಟೇ ಮನೆಗೆ ಬಂದವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ ಇನ್ನೊಮ್ಮೆ ನೋಡಿದಳು.

"ಎಷ್ಟಿದೆ?" ಮಾಸ್ಕಿನೊಳಗಿಂದ ಗಂಡ ಕೇಳಿದ.

"ಇದೆ ಬಿಡಿ, ಬೇಕಾದಷ್ಟಿದೆ."

"ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣೆ. ಬಂದಿದ್ರೆ ನೀನೂ ಚುನಾವಣೆಗೆ ನಿಲ್ಬಹುದಿತ್ತು."

ನಗಲು ಹೋಗಿ ಕೆಮ್ಮಿದ. ಅವಳು ಬೆನ್ನು ನೀವಿದಳು. ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕವು.

ಧಣಿಯ ಹಾಸಿಗೆ ಕಾರ್ಖಾನೆಯಲ್ಲಿ ಅವನು ಹತ್ತಿ ಹಿಂಜುವ ಯಂತ್ರದ ಮುಂದೆ ನಿಲ್ಲುತ್ತಿದ್ದವನು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬಿಳಿ. "ಬಂದ ನೋಡು ಮುದುಕ" ಎಂದು ಅವಳು ನಗುತ್ತಿದ್ದಳು. ಅದೇ ಹತ್ತಿಯ ದೂಳು ಎದೆಯೊಳಗೂ ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಆ ತಮಾಷೆ ನಿಂತಿತು. ಕೆಲಸವೂ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮನೆಗೆ ಆಕ್ಸಿಜನ್ ಕೇಳಿದರೆ, "ಹೆಸರು ಬರೆಸಿ ಹೋಗಮ್ಮ, ಬಂದಾಗ ಹೇಳ್ತೀವಿ" ಎಂದರು. ಇನ್ನೂ ಹೇಳಿಲ್ಲ. ಕೊಟ್ಟದ್ದು ಧಣಿಯ ಆಫೀಸು. ಖಾಲಿ ಸಿಲಿಂಡರ್ ತಂದುಕೊಟ್ಟರೆ ತುಂಬಿದ್ದು ಸಿಗುತ್ತಿತ್ತು, ಪುಕ್ಕಟೆ. ಮನೆಯಲ್ಲಿ ಎರಡಿದ್ದವು; ಒಂದು ಗಂಡನ ಪಕ್ಕ ನಡೆಯುವಾಗ ಖಾಲಿಯಾದ ಇನ್ನೊಂದು ಆಫೀಸಿಗೆ ಹೋಗುತ್ತಿತ್ತು.

ಆ ಕಬ್ಬಿಣವನ್ನು ಒಬ್ಬಳೇ ಹೊರುವುದು ಆಗದ ಮಾತು. ಇನ್ನೊಂದು ತುದಿ ಹಿಡಿಯುತ್ತಿದ್ದವಳು ಎದುರುಮನೆಯಾಕೆ. ಅವಳ ಮಗಳು ಅದೇ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಸತ್ತಿದ್ದಳು. ಬೆಂಕಿ ಹತ್ತಿದಾಗ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಕೆಲಸದ ಹೊತ್ತಲ್ಲಿ ಹುಡುಗಿಯರು ಹೊರಗೆ ಬರಬಾರದೆಂದು ಧಣಿಯೇ ಹಾಕಿಸಿದ ಬೀಗ ಎಂಬುದು ಪೊಲೀಸರ ಆರೋಪ. ಸತ್ತವರು ಏಳು ಜನ. ಕೇಸು ಕೋರ್ಟಿನಲ್ಲಿತ್ತು. ಧಣಿ ಜಾಮೀನಿನ ಮೇಲೆ ಹೊರಗಿದ್ದ. ಈ ಸಲ ಚುನಾವಣೆಗೂ ನಿಂತಿದ್ದ.

ಬೆಂಕಿ ಬಿದ್ದ ದಿನದಿಂದ ಎದುರುಮನೆಯಾಕೆ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ತನ್ನ ಮನೆಯದನ್ನೂ ಇಲ್ಲ, ಪರರ ಮನೆಯದನ್ನೂ ಇಲ್ಲ. ಸಿಲಿಂಡರ್ ಹೊತ್ತು ಆಫೀಸಿನ ಬೀದಿಯ ಮೂಲೆಯವರೆಗೆ ಬರುತ್ತಾಳೆ, ಅಲ್ಲೇ ನಿಲ್ಲುತ್ತಾಳೆ. ಮುಂದಕ್ಕೆ ಇವಳೊಬ್ಬಳೇ ಉರುಳಿಸಿಕೊಂಡು ಹೋಗಬೇಕು.

ಈ ಸಲ ಆಫೀಸಿನ ಶಟರ್ ಅರ್ಧ ಇಳಿದಿತ್ತು.

"ಈಗ ಕೊಡೋ ಹಾಗಿಲ್ಲಕ್ಕ. ಚುನಾವಣೆ ನೀತಿ ಸಂಹಿತೆ. ಏನು ಹಂಚಿದ್ರೂ ತಪ್ಪು," ಎಂದ ಆಫೀಸಿನವನು. "ಓಟು ಮುಗಿದ ತಕ್ಷಣ ಕೊಡ್ತೀವಿ. ಅಲ್ಲಿ ಸಾಲಲ್ಲಿ ಇಟ್ಟು ಹೋಗಿ."

ಗೋಡೆಯುದ್ದಕ್ಕೂ ಖಾಲಿ ಸಿಲಿಂಡರುಗಳು ನಿಂತಿದ್ದವು. ಗುರುತಿಗೆ ಒಂದೊಂದರ ಕತ್ತಿಗೂ ಒಂದೊಂದು ಹಳೇ ಬಟ್ಟೆಯ ಚೂರು. ತನ್ನದಕ್ಕೆ ಅವಳು ಹಳದಿ ರವಿಕೆಯ ಚೂರು ಕಟ್ಟಿದಳು.

"ನೋಡಿ, ನಮ್ಮ ಮತದಾರರು ಎಷ್ಟು ಶಿಸ್ತಾಗಿ ನಿಂತಿದಾರೆ!" ಆಫೀಸಿನವನು ಸಿಲಿಂಡರುಗಳನ್ನು ತೋರಿಸಿ ನಕ್ಕ. ಅವಳೂ ನಕ್ಕಳು. ನಗದೆ ಇರುವ ಹಾಗಿರಲಿಲ್ಲ.

ಅವತ್ತೇ ಸಂಜೆ ಎದುರಾಳಿ ಅಭ್ಯರ್ಥಿ ಬೀದಿಗೆ ಬಂದರು. ನಿವೃತ್ತ ಮೇಷ್ಟ್ರು. ಸವೆದ ಚಪ್ಪಲಿ, ಕೈಮುಗಿದೇ ಮಾತು. ಒಳ್ಳೆಯವರೆಂದು ಊರಿಗೇ ಗೊತ್ತು.

"ಏಳು ಮಕ್ಕಳನ್ನ ಸುಟ್ಟವನಿಗೆ ಓಟು ಹಾಕ್ತೀರೇನಮ್ಮ?"

ಅವಳು ಗಂಡನ ಕಡೆ ನೋಡಿದಳು. "ಮೇಷ್ಟ್ರೇ, ಈ ಸಿಲಿಂಡರ್ ಇದ್ದಕ್ಕಿದ್ದ ಹಾಗೆ ಖಾಲಿಯಾದ್ರೆ ನಾನು ಯಾರ ಹತ್ರ ಓಡ್ಲಿ?"

"ನಾವು ಗೆದ್ರೆ ಆಸ್ಪತ್ರೆ ವ್ಯವಸ್ಥೆನೇ ಸರಿ ಮಾಡ್ತೀವಿ."

"ಅಲ್ಲೀವರೆಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸುಳ್ಳು ಹೇಳುವ ಮನುಷ್ಯನಲ್ಲ; ಕೈಮುಗಿದು ಮುಂದಿನ ಮನೆಗೆ ನಡೆದರು.

ಅವರು ಹೋದ ಮೇಲೆ ಎದುರುಮನೆಯಾಕೆ ಹೊಸ್ತಿಲ ಮೇಲೆ ಕೂತಳು.

"ಓಟು ಹಾಕೋವಾಗ ಒಳಗೆ ಯಾರೂ ನೋಡಲ್ಲ ಕಣೆ. ಯಾರಿಗೆ ಹಾಕಿದ್ರೂ ಅವನಿಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ ಅಂತ ಹೆದರಿಕೆ ಅಲ್ಲಕ್ಕ. ಅವನು ಸೋತ್ರೆ ಆಫೀಸಿಗೆ ಬೀಗ. ಆಮೇಲೆ?"

ಬೀಗ ಎಂಬ ಮಾತು ಬಾಯಿಂದ ಬಿದ್ದಾಗಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

"ನನ್ನ ಮಗಳನ್ನ ಎತ್ತಿ ಆಡಿಸಿದ್ದೀಯ ನೀನು," ಎಂದಳು ಎದುರುಮನೆಯಾಕೆ.

"ಹೂಂ ಅಕ್ಕ."

"ಜಡೆ ಹಾಕಿದ್ದೀಯ."

"ಹೂಂ."

ಗಂಡ ಗೋಡೆ ಕಡೆ ಮುಖ ತಿರುಗಿಸಿದ.

ಮರುದಿನವೇ ಮತದಾನ. ಬೆಳಿಗ್ಗೆ ಮುಳ್ಳು ಕೆಂಪು ಗೆರೆ ದಾಟಿತ್ತು. ಅವಳು ಗಾಳಿಯನ್ನು ಆದಷ್ಟು ಸಣ್ಣಗೆ ಇಳಿಸಿ, ಗಂಡನನ್ನು ದಿಂಬಿಗೆ ಒರಗಿಸಿ ಓಡಿದಳು. ಓಟಿನ ಸಾಲು ಶಾಲೆಯ ಗೇಟಿನಿಂದ ಧಣಿಯ ಆಫೀಸಿನವರೆಗೂ ಬೆಳೆದಿತ್ತು. ಈ ಪಕ್ಕ ಹೆಂಗಸರು, ಆ ಪಕ್ಕ ಸಿಲಿಂಡರುಗಳು. ಹಳದಿ ಚೂರು ಗಾಳಿಗೆ ಅಲ್ಲಾಡುತ್ತಿತ್ತು. ಯಾರೂ ಯಾರನ್ನೂ ಬೆದರಿಸಲಿಲ್ಲ. ಪೊಲೀಸನೊಬ್ಬ ಮುದುಕಿಯರಿಗೆ ಕುರ್ಚಿ ಹಾಕಿಕೊಟ್ಟ.

ಒಳಗೆ ನಿಂತಾಗ ಅವಳಿಗೆ ಆ ಹುಡುಗಿಯ ಜಡೆ ನೆನಪಾಯಿತು. ಒದ್ದೆ ಕೂದಲು, ಬಿಗಿಯಾಗಿ ಎಳೆದರೆ "ಚಿಕ್ಕಮ್ಮಾ, ನೋವು" ಎನ್ನುತ್ತಿದ್ದಳು. ಆಮೇಲೆ ಗಂಡನ ತುಟಿ ನೆನಪಾಯಿತು. ಬೆಳಿಗ್ಗೆ ಅದು ನೀಲಿಯಾಗಿತ್ತು.

ಅವಳು ಧಣಿಗೇ ಹಾಕಿದಳು.

ಮತದಾನ ಮುಗಿದ ಗಳಿಗೆಗೇ ಶಟರ್ ಮೇಲೆದ್ದಿತು. ತುಂಬಿದ ಸಿಲಿಂಡರನ್ನು ಉರುಳಿಸಿಕೊಂಡು ಮೂಲೆಗೆ ಬಂದರೆ, ಎದುರುಮನೆಯಾಕೆ ಅಲ್ಲಿ ನಿಂತಿದ್ದಳು. ಬರುವುದಿಲ್ಲ ಎಂದುಕೊಂಡಿದ್ದಳು ಇವಳು.

"ಹಾಕಿದ್ಯಾ?"

"ಹಾಕ್ದೆ ಅಕ್ಕ."

ಯಾರಿಗೆ ಎಂದು ಎದುರುಮನೆಯಾಕೆ ಕೇಳಲಿಲ್ಲ. ಬಗ್ಗಿ ತನ್ನ ತುದಿ ಹಿಡಿದಳು. "ಗಟ್ಟಿಯಾಗಿ ಹಿಡ್ಕೋ. ಬೆವತಿದ್ದೀಯ, ಜಾರುತ್ತೆ."

ಮನೆಯಲ್ಲಿ ಗಾಳಿ ಸುಯ್ ಎಂದು ಹೊರಟಿತು. ಗಂಡನ ಎದೆ ನಿಧಾನಕ್ಕೆ ಏಳತೊಡಗಿತು. ತುಟಿಗೆ ಬಣ್ಣ ಬರುವವರೆಗೂ ಎದುರುಮನೆಯಾಕೆ ನೋಡುತ್ತ ನಿಂತಿದ್ದು, ತನ್ನ ಮನೆಗೆ ಹೋದಳು. ಬಾಗಿಲು ಎಂದಿನಂತೆ ತೆರೆದೇ ಇತ್ತು.

ಬೀದಿಗೆ ಜೀಪು ಬಂತು. ಮೈಕು ಕಿರುಚುತ್ತಿತ್ತು: "ನಿಮ್ಮ ಮನೆಮಗನಿಗೆ ಓಟು ಕೊಟ್ಟ ಎಲ್ಲ ತಾಯಂದಿರಿಗೂ ಧನ್ಯವಾದ! ತಾಯಂದಿರಿಗೆ ಧನ್ಯವಾದ!"

ಬಾಗಿಲು ಹಾಕು ಎಂದು ಗಂಡ ಕೈಸನ್ನೆ ಮಾಡಿದ.

ಅವಳು ಹೋಗಿ ಕದ ಹಿಡಿದಳು. ಎದುರಿನ ತೆರೆದ ಬಾಗಿಲಲ್ಲಿ ಆಕೆ ಈ ಕಡೆಗೇ ಮುಖ ಮಾಡಿ ಕೂತಿದ್ದಳು. ಇಬ್ಬರ ನಡುವೆ ಜೀಪು ನಿಧಾನವಾಗಿ ಹಾದುಹೋಯಿತು. ಕದದ ಮೇಲಿನ ಕೈ ಹಾಗೇ ಇತ್ತು. ಕದ ಎಳೆಯಲು ಅವಳಿಂದಾಗಲಿಲ್ಲ.