ದೂರದ್ದೇ ಆಗಲಿ

"ಖೋಪೋಲಿ ಬೇಡ," ಎಂದಳು ನಾಗವೇಣಿ. "ಅದೆಂತ, ಬೆಳಿಗ್ಗೆ ಹೋಗಿ ಸಂಜೆ ಬರುವುದು! ಅದಕ್ಕೆ ಪ್ರವಾಸ ಅಂತ ಹೇಳ್ತಾರಾ? ಮಗುವಿಗೆ ತೋರಿಸುವುದಾದರೆ ಸರಿಯಾಗಿ ತೋರಿಸಿ. ಹೈದರಾಬಾದಿಗೇ ಹೋಗಿ. ದೂರದ್ದೇ ಆಗಲಿ."

ಯತಿನ್ ಮೊಬೈಲಿನಿಂದ ತಲೆಯೆತ್ತಿ ತಾಯಿಯನ್ನು ನೋಡಿದ. ಮುಂಬಯಿ ಪಕ್ಕದ ಡೊಂಬಿವಲಿಯ ಈ ಮೂರನೇ ಮಾಳಿಗೆಯ ಮನೆಗೆ ಬಂದು ನಾಲ್ಕು ವರ್ಷವಾದರೂ, ಏನು ಕೇಳಿದರೂ "ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಎನ್ನುವವಳು ಅವಳು. ಪರದೆಯ ಬಣ್ಣಕ್ಕೂ ಅದೇ ಮಾತು, ಭಾನುವಾರದ ಮೀನಿಗೂ ಅದೇ ಮಾತು. ಈಗ ಪಾರ್ಕಿನ ವಿಷಯಕ್ಕೆ ಬಾಯಿ ಬಂದಿದೆ.

ಡಿಸೆಂಬರ್ ರಜೆಗೆ ಮೊಮ್ಮಗಳು ತೃಷಾಳನ್ನು ಯಾವ ಆಟದ ಪಾರ್ಕಿಗೆ ಕರೆದೊಯ್ಯುವುದು ಎಂಬ ಚರ್ಚೆ ಮೂರು ಭಾನುವಾರಗಳಿಂದ ನಡೆದಿತ್ತು. ಅವಳ ಜೂನಿಯರ್ ಕೆಜಿಯ ಅರ್ಧ ಕ್ಲಾಸು ಎಲ್ಲೆಲ್ಲಿಗೋ ಹೋಗಿಬಂದಾಗಿತ್ತು. ನಾಲ್ಕು ವರ್ಷದ ತೃಷಾ ಅಮ್ಮನ ದುಪಟ್ಟಾವನ್ನು ಸೋಫಾದ ಕೈಗೆ ಸುತ್ತಿ, ಗೊಂಬೆಗೆ ಸೀಟ್‌ಬೆಲ್ಟ್ ಕಟ್ಟಿ, "ಝೂಲಾ ಚಾಲೂ!" ಎಂದು ಕೂಗಿ ತನ್ನ ಉಯ್ಯಾಲೆಯನ್ನು ಹೊರಡಿಸುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ.

"ಖೋಪೋಲಿಯಾದರೆ ನನಗೆ ಒಂದೇ ದಿನದ ರಜೆ ಸಾಕಿತ್ತು ಅತ್ತೆ," ಎಂದಳು ಸೊಸೆ ಪ್ರಣೀತಾ, ಅರ್ಧ ಕಣ್ಣು ಮುಚ್ಚಿಕೊಂಡೇ.

"ಒಂದು ದಿನದಲ್ಲಿ ಎಂತ ಆಗ್ತದೆ? ಅಲ್ಲಿ ದೊಡ್ಡವರ ಆಟವೇ ಹೆಚ್ಚಂತೆ. ಇವಳ ಎತ್ತರ ಸಾಲದು ಅಂತ ಗೇಟಿನಲ್ಲೇ ನಿಲ್ಲಿಸಿದರೆ? ಹೈದರಾಬಾದಿನಲ್ಲಿ ಸಣ್ಣ ಮಕ್ಕಳಿಗೇ ಬೇರೆ ಜಾಗ ಉಂಟಂತೆ."

"ಅಮ್ಮ ಟೂರ್ ಏಜೆಂಟ್ ಆಗಿದ್ದಾಳೆ ಮಾರಾಯ್ತಿ," ಎಂದು ಯತಿನ್ ನಕ್ಕ.

ನಿಜ ಹೇಳಬೇಕೆಂದರೆ ನಾಗವೇಣಿಗೆ ಆ ಪಾರ್ಕು ಹೈದರಾಬಾದಿನಲ್ಲಿದ್ದರೂ ಒಂದೇ, ಕೈಲಾಸದಲ್ಲಿದ್ದರೂ ಒಂದೇ. ಖೋಪೋಲಿಗಾದರೆ ಇವರು ಸಂಜೆ ಏಳಕ್ಕೆ ವಾಪಸು ಬಂದು, ಹಸಿವು ಎಂದು ಸೋಫಾದ ಮೇಲೆ ಬೀಳುತ್ತಾರೆ. ಹೈದರಾಬಾದಿಗಾದರೆ ಕಲ್ಯಾಣದಿಂದ ರೈಲು. ಹೋಗಿ, ನೋಡಿ, ಬರಲು ನಾಲ್ಕು ದಿನ. ಅವಳಿಗೆ ಬೇಕಾಗಿದ್ದದ್ದು ಆ ನಾಲ್ಕು ದಿನ.

ಬಾಣಂತನಕ್ಕೆಂದು ಮೂರು ತಿಂಗಳಿಗೆ ಕಾರ್ಕಳದಿಂದ ಬಂದವಳು. ಮೂರು ತಿಂಗಳು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಐದಕ್ಕೆ ಎದ್ದರೆ ಎರಡು ಡಬ್ಬಿ ಕಟ್ಟಬೇಕು. ಪ್ರಣೀತಾ ಏಳರ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ವರ್ತಕ ನಗರದ ರಕ್ತ ಪರೀಕ್ಷೆಯ ಲ್ಯಾಬಿಗೆ. ಯತಿನ್ ಐರೋಲಿಯ ಕಂಪನಿ ಕ್ಯಾಂಟೀನಿಗೆ. ಹನ್ನೆರಡಕ್ಕೆ ಶಾಲೆಯ ವ್ಯಾನು ಬಂದರೆ ಆಮೇಲೆ ಊಟ ಮಾಡಿಸಲು ಒಂದು ಗಂಟೆ, ಮಲಗಿಸಲು ಒಂದು ಗಂಟೆ. ಮಲಗಿಸಿ ತಾನು ಅಡ್ಡವಾಗುವಷ್ಟರಲ್ಲಿ ಹುಡುಗಿ ಎದ್ದು ಕೂತಿರುತ್ತಾಳೆ. ಮೊಮ್ಮಗಳೆಂದರೆ ಪ್ರಾಣವೇ, ಸುಳ್ಳಲ್ಲ. ಆದರೆ ಸುಸ್ತು ಸುಸ್ತೇ. ಅರವತ್ತಮೂರರ ಮಂಡಿಗೆ ಪ್ರೀತಿಯ ಲೆಕ್ಕ ಗೊತ್ತಾಗುವುದಿಲ್ಲ.

ಆ ನಾಲ್ಕು ದಿನವನ್ನು ಏನು ಮಾಡಬೇಕೆಂದೂ ಅವಳು ಯೋಚಿಸಿಟ್ಟಾಗಿತ್ತು. ಠಾಣೆಯ ಕೋಪರಿಯಲ್ಲಿ ಬಾಗಿ ಎಂಬ ಗೆಳತಿ ಇದ್ದಾಳೆ, ಊರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನಾಲ್ಕನೇ ಕ್ಲಾಸು ಪಾಸಾದವಳು. ಲೋಕಲ್‌ನಲ್ಲಿ ಅರ್ಧ ಗಂಟೆಯ ದಾರಿ. ನಾಲ್ಕು ವರ್ಷದಲ್ಲಿ ಎರಡೇ ಸಲ ಭೇಟಿ, ಎರಡೂ ಬೇರೆಯವರ ಮದುವೆಯಲ್ಲಿ.

"ಬಾ ಮಾರಾಯ್ತಿ," ಎಂದಿದ್ದಳು ಬಾಗಿ ಫೋನಿನಲ್ಲಿ. "ಒಣಮೀನಿನ ಚಟ್ನಿ ಮಾಡ್ತೇನೆ. ಗಂಜಿ ಉಂಡು ಇಬ್ಬರೂ ಕಾಲು ನೀಡಿ ಮಲಗುವ. ಎಬ್ಬಿಸುವವರು ಯಾರೂ ಇಲ್ಲ ಇಲ್ಲಿ."

ಆ ಕೊನೆಯ ಮಾತನ್ನು ನಾಗವೇಣಿ ದಿನಕ್ಕೆ ಹತ್ತು ಸಲ ನೆನಪಿಸಿಕೊಂಡಳು. ಹೌಸಿಂಗ್ ಸೊಸೈಟಿಯ ತೋಟದಲ್ಲಿ ಸಿಕ್ಕಿದ ಹೆಂಗಸರನ್ನೆಲ್ಲ ಕೇಳಿ ಹೈದರಾಬಾದಿನ ಸುದ್ದಿ ಕಲೆಹಾಕಿದಳು. ಅರಮನೆ ಉಂಟಂತೆ, ಪುಟ್ಟ ರೈಲು ಉಂಟಂತೆ, ಚಿಟ್ಟೆಗಳದ್ದೇ ಒಂದು ತೋಟ ಉಂಟಂತೆ. ಮಗ ಊಟಕ್ಕೆ ಕೂತಾಗೆಲ್ಲ ಅನ್ನದ ಜೊತೆ ಇದನ್ನೂ ಬಡಿಸಿದಳು. ಯತಿನ್ ಕೇಳುತ್ತ ಕೇಳುತ್ತ ನಗುವುದನ್ನು ಬಿಟ್ಟು, ಅವಳ ಮುಖವನ್ನೇ ನೋಡತೊಡಗಿದ. ಅದನ್ನು ಅವಳು ಗಮನಿಸಲಿಲ್ಲ.

ಮುಂದಿನ ಭಾನುವಾರ ಚಹಾದ ಹೊತ್ತಿಗೆ ಅವನು ಮೊಬೈಲನ್ನು ತಾಯಿಯ ಮುಂದೆ ಹಿಡಿದ.

"ಬುಕ್ ಆಯ್ತು ಅಮ್ಮ. ಹೈದರಾಬಾದೇ. ನಾಲ್ಕು ಟಿಕೆಟ್, ನಿನಗೆ ಕೆಳಗಿನ ಬರ್ತು."

"ನಾಲ್ಕಾ?"

"ಮತ್ತೆ? ನಿನ್ನನ್ನು ಬಿಟ್ಟು ಹೋಗುವುದಾ? ಇಷ್ಟು ವರ್ಷದಲ್ಲಿ ನೀನು ಇದು ಬೇಕು ಅಂತ ಒಂದು ದಿನ ಬಾಯಿಬಿಟ್ಟವಳಲ್ಲ. ಈ ಸಲ ಚಿಕ್ಕ ಮಗುವಿನ ಹಾಗೆ ಆಸೆಪಟ್ಟಿಯಲ್ಲ, ನನಗೆ ಅರ್ಥ ಆಗುವುದಿಲ್ವಾ?" ಅವನು ಮೊಬೈಲು ಕೆಳಗಿಟ್ಟ. "ಮೊದಲೇ ಕರ್ಕೊಂಡು ಹೋಗಬೇಕಿತ್ತು ನಾನು."

ಅಯ್ಯೋ ದೇವರೇ, ಎಂದುಕೊಂಡಳು ನಾಗವೇಣಿ. ಕೈಯಲ್ಲಿದ್ದ ಚಹಾ ತಣ್ಣಗಾಗತೊಡಗಿತು.

"ನನ್ನ ಮಂಡಿಗೆ ಅಷ್ಟೆಲ್ಲ ತಿರುಗುವುದು ಆಗ್ಲಿಕ್ಕಿಲ್ಲ ಮಗಾ. ನೀವು ಮೂವರು ಹೋಗಿ ಬನ್ನಿ."

"ಅಲ್ಲಿ ಗಾಲಿ ಕುರ್ಚಿ ಸಿಗ್ತದೆ. ನಾನು ದೂಡ್ತೇನೆ. ನೀನು ಸುಮ್ಮನಿರು."

ಗಂಡಸಿಗೆ ಹೇಳಿ ಪ್ರಯೋಜನವಿಲ್ಲ, ಸೊಸೆಗೇ ಹೇಳುವುದು ಎಂದು ಅವಳು ಅಡುಗೆಮನೆಗೆ ಹೋದಳು. ಪ್ರಣೀತಾ ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಎತ್ತಿ ನಿಂತು ಪಾತ್ರೆ ತೊಳೆಯುತ್ತಿದ್ದಳು. ಪಾದದ ಗಂಟು ಊದಿತ್ತು. ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯಬೇಕು, ಎಲ್ಲ ನಿಂತುಕೊಂಡೇ.

"ಪ್ರಣೀತಾ, ಒಂದು ಮಾತು," ಎಂದು ನಾಗವೇಣಿ ಶುರು ಮಾಡಿದಳು.

"ಅತ್ತೆ, ನಾನೇ ನಿಮಗೆ ಹೇಳುವ ಅಂತ ಇದ್ದೆ." ಪ್ರಣೀತಾ ನಲ್ಲಿ ನಿಲ್ಲಿಸಿ ದನಿ ತಗ್ಗಿಸಿದಳು. "ನೀವೂ ಬರ್ತೀರಿ ಅಂತ ಆದ ಮೇಲೆಯೇ ನಾನು ನಾಲ್ಕು ದಿನಕ್ಕೆ ಒಪ್ಪಿದ್ದು. ಅಲ್ಲಿ ಒಂದು ದಿನ, ಒಂದೇ ದಿನ, ನೀವು ಇವರ ಜೊತೆ ತೃಷಾಳನ್ನು ಕರ್ಕೊಂಡು ಹೋಗ್ತೀರಾ? ನಾನು ರೂಮಿನಲ್ಲಿ ಪರದೆ ಎಳೆದು ಮಲಗ್ತೇನೆ. ನನಗೆ ಪಾರ್ಕೂ ಬೇಡ, ಏನೂ ಬೇಡ. ನಿದ್ದೆ ಬೇಕು ಅತ್ತೆ. ಇವರಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ತಾರೆ."

ನಾಗವೇಣಿಯ ಕಣ್ಣು ಆ ಊದಿದ ಪಾದದ ಮೇಲೆ ಬಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬರುವ ಹಾಗಾಯಿತು.

"ಮಲಗು," ಎಂದಳು. "ಎರಡು ದಿನ ಬೇಕಾದರೂ ಮಲಗು. ನಾನು ನೋಡಿಕೊಳ್ತೇನೆ."

"ನೀವು ಎಂತದೋ ಹೇಳ್ಲಿಕ್ಕೆ ಬಂದಿರಲ್ಲ?"

"ಎಂತ ಇಲ್ಲ. ಆ ಪಾತ್ರೆ ಬಿಡು, ನಾನು ತೊಳೀತೇನೆ."

ಪಾತ್ರೆ ಮುಗಿಸಿ ಅವಳು ಬಾಲ್ಕನಿಗೆ ಹೋಗಿ ಬಾಗಿಗೆ ಫೋನು ಮಾಡಿದಳು. ಸಂಗತಿಯನ್ನೆಲ್ಲ ಹೇಳಿದಳು.

"ನಾನು ಒಣಮೀನು ತಂದಾಗಿದೆ ಮಾರಾಯ್ತಿ," ಎಂದಳು ಬಾಗಿ.

"ನೀನೇ ತಿನ್ನು. ನನ್ನ ಪಾಲಿಗೂ ಒಂದು ನಿದ್ದೆ ಮಾಡು."

ಒಳಗೆ ಬಂದರೆ ಪ್ರಣೀತಾ ಕೋಣೆಯಲ್ಲಿ ಅಡ್ಡವಾಗಿದ್ದಳು, ಯತಿನ್ ಹೋಟೆಲಿನ ಫೋಟೋಗಳನ್ನು ನೋಡುತ್ತಿದ್ದ. ತೃಷಾ ದುಪಟ್ಟಾ ಹಿಡಿದು ಸೋಫಾದ ಪಕ್ಕದಲ್ಲೇ ಕಾಯುತ್ತಿದ್ದಳು.

"ಅಜ್ಜಿ, ಇಧರ್ ಬೈಠೋ. ಬೆಲ್ಟ್ ಲಗಾನಾ ಹೈ."

ನಾಗವೇಣಿ ಕೂತಳು. ಮೊಮ್ಮಗಳು ದುಪಟ್ಟಾವನ್ನು ಅವಳ ಹೊಟ್ಟೆಯ ಸುತ್ತ ತಂದು, ನಾಲಗೆ ಕಚ್ಚಿಕೊಂಡು, ಎರಡು ಗಂಟು ಬಿಗಿದಳು. ಆಮೇಲೆ ಪಕ್ಕದಲ್ಲಿ ಕೂತು ಗುರ್‌ರ್ ಎಂದು ಸದ್ದು ಮಾಡತೊಡಗಿದಳು. ನಾಗವೇಣಿಯ ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಅಜ್ಜಿ, ಆಂಖ್ ಖೋಲೋ!"

"ಹೆದರಿಕೆ ಆಗ್ತದೆ ಮಗಾ, ಮುಚ್ಚಿಯೇ ಕೂತುಕೊಳ್ತೇನೆ. ನಿನ್ನ ಝೂಲಾ ತುಂಬಾ ದೂರ ಹೋಗ್ತದಾ?"

"ಬಹುತ್ ದೂರ್."

"ಹೋಗಲಿ, ಮೆಲ್ಲ ಓಡಿಸು," ಎಂದು ನಾಗವೇಣಿ ಗಂಟಿನ ಮೇಲೆ ಕೈಯಿಟ್ಟು ಹಿಂದಕ್ಕೆ ಒರಗಿದಳು.