ರೊಟ್ಟಿ ಬಡಿಯುವ ಸದ್ದು

ನಾನು ರೊಟ್ಟಿ ಬಡಿಯುವ ಹಲಗೆ. ಗದಗಿನ ಬಡಿಗ ಮಾನಪ್ಪ ಬೇವಿನ ಮರ ಕೊಯ್ದು, ಉಜ್ಜಿ ನುಣುಪು ಮಾಡಿ, ನನ್ನನ್ನು ಶಂಕ್ರವ್ವನ ಅಡುಗೆಮನೆಗೆ ಕೊಟ್ಟ. ಏಟು ತಿನ್ನುವುದು ನನ್ನ ಕೆಲಸ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ಮನೆಯಲ್ಲಿ ಏಟು ತಿನ್ನುತ್ತಿದ್ದದ್ದು ನಾನೊಂದೇ ಅಲ್ಲ.

ಶಂಕ್ರವ್ವನಿಗೆ ಒಬ್ಬಳೇ ಮಗಳು, ಕಸ್ತೂರಿ. ಗಂಡ ಬಿಟ್ಟುಹೋದ ಸಿಟ್ಟೋ, ಬೇರೇನೋ, ಶಂಕ್ರವ್ವನ ಕೈ ಯಾವಾಗ ಮಗಳ ಮೇಲೆ ಏಳುತ್ತದೆಂದು ಹೇಳಲಾಗುತ್ತಿರಲಿಲ್ಲ. ಹೇಳಬಲ್ಲವಳು ಕಸ್ತೂರಿ ಮಾತ್ರ. ಶಾಲೆಯಿಂದ ಬಂದವಳು ತಟ್ಟನೆ ಒಳಗೆ ಕಾಲಿಡುತ್ತಿರಲಿಲ್ಲ. ಚೀಲ ಎದೆಗವಚಿಕೊಂಡು ಹೊರಗೇ ನಿಂತು, ನನ್ನ ಮೇಲೆ ಬೀಳುವ ಅಂಗೈಯ ಸದ್ದಿಗೆ ಕಿವಿಗೊಡುತ್ತಿದ್ದಳು. ಪಟಪಟನೆ ಬಡಿಯುತ್ತಿದ್ದರೆ ಅವ್ವ ಅವಸರದಲ್ಲಿದ್ದಾಳೆ, ಅಷ್ಟೇ. ಸದ್ದು ಮೆಲ್ಲಗಾಗಿ ನಡುನಡುವೆ ನಿಂತುಹೋದರೆ ಅಂದು ಉಳಿಗಾಲವಿಲ್ಲ. ಅಂಥ ದಿನ ಯಾರೂ ಹೇಳದೆ ನೀರು ತುಂಬುತ್ತಿದ್ದಳು, ಕಸ ಹೊಡೆಯುತ್ತಿದ್ದಳು, ಹಸಿವೇ ಇಲ್ಲ ಎನ್ನುತ್ತಿದ್ದಳು. ಅದರಿಂದ ಕೆಲವೊಮ್ಮೆ ಪಾರಾಗುತ್ತಿದ್ದಳು.

ಶಂಕ್ರವ್ವ ತೀರಿಕೊಂಡ ಮೇಲೆ ಸೋದರಮಾವ ಕಸ್ತೂರಿಯನ್ನು ರಬಕವಿಗೆ ಮದುವೆ ಮಾಡಿಕೊಟ್ಟ. ಪಾತ್ರೆಪಡಗದ ಜೊತೆ ನಾನೂ ಹೋದೆ.

ಅತ್ತೆ ನೀಲವ್ವ ವರ್ಷಗಟ್ಟಲೆ ಮಗ್ಗಗಳ ಗದ್ದಲದಲ್ಲಿ ದುಡಿದವಳು. ಕಿವಿ ಮಂದ. ಮಾತಾಡಿದರೆ ಜಗಳವಾಡಿದಂತೆ, ಕೊಡ ಇಳಿಸಿದರೆ ಎತ್ತಿ ಹಾಕಿದಂತೆ. ಪ್ರತಿ ಸದ್ದಿಗೂ ಕಸ್ತೂರಿಯ ಕೈಯೊಳಗಿನ ಕೆಲಸ ನಿಲ್ಲುತ್ತಿತ್ತು. ಗಂಡ ಸುಮ್ಮನೆ ಆಕಳಿಸಿದರೂ ಅವನ ಮುಖದಲ್ಲಿ ಏನೋ ಹುಡುಕುತ್ತಿದ್ದಳು. ಸಿಟ್ಟನ್ನು ಅಷ್ಟು ದೂರದಿಂದ ಗುರುತಿಸುವವಳಿಗೆ ದಣಿವು, ನೋವು, ಬೇಸರ ಎಲ್ಲವೂ ಸಿಟ್ಟಾಗಿಯೇ ಕಾಣುತ್ತಿದ್ದವು.

ಒಂದು ಮಧ್ಯಾಹ್ನ ನೀಲವ್ವ ನನ್ನ ಮುಂದೆ ಕೂತಳು. ಅಂದು ಅವಳ ಕೈ ಮೆಲ್ಲಗೆ ಬೀಳುತ್ತಿತ್ತು. ಬಡಿದಳು, ನಿಲ್ಲಿಸಿದಳು. ಮತ್ತೆ ಬಡಿದಳು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಕಸ್ತೂರಿಗೆ ಆ ಸದ್ದು ಕೇಳಿಸಿತು. ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ತಪ್ಪಾತ್ರೀ ಅತ್ತಿ.”

“ಏನ್ ತಪ್ಪಾತು?” ಎಂದಳು ನೀಲವ್ವ.

“ಗೊತ್ತಿಲ್ರೀ.”

ನೀಲವ್ವ ಸೊಸೆಯನ್ನೇ ನೋಡಿದಳು. “ನನ್ನ ಮುಂಗೈ ಉಳುಕೇತಿ. ರೊಟ್ಟಿ ಬಡ್ಯಾಕ ಆಗವಲ್ದು” ಎನ್ನುತ್ತ, ಬಾತ ಕೈಯನ್ನು ತೋರಿಸಲೆಂದು ಮೇಲೆತ್ತಿದಳು. ಕಸ್ತೂರಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಸಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಹಿಟ್ಟಿನ ಪಕ್ಕಕ್ಕೆ ಇಳಿಯಿತು. ಒಲೆಯ ಮೇಲಿನ ರೊಟ್ಟಿ ಕರಿದಾಗುತ್ತಿತ್ತು. ಇಬ್ಬರೂ ಅದನ್ನು ತಿರುವಿಹಾಕಲಿಲ್ಲ.

“ಯಾರ್ ಹೊಡೀತಿದ್ರು ನಿನ್ನ?”

ಕಸ್ತೂರಿ ತಲೆಯ ಮೇಲಿನ ಕೈ ಇಳಿಸಿದಳು. “ಅವ್ವ.”

ನೀಲವ್ವ ಸತ್ತವಳನ್ನು ಬೈಯಲಿಲ್ಲ, ಸೊಸೆಯನ್ನು ಮುಟ್ಟಲೂ ಇಲ್ಲ. “ನನ್ನ ಮುಖ ಓದಬ್ಯಾಡವ್ವ, ತಪ್ಪು ಓದ್ತಿ. ಬಾಯ್ಬಿಟ್ಟು ಕೇಳು. ಸಿಟ್ಟು ಬಂದ್ರ ನಾನ ಹೇಳ್ತೀನಿ” ಎಂದಳು.

“ಸಿಟ್ಟು ಬಂದೈತೇನ್ರೀ ಅತ್ತಿ?” ಎಂದು ಕಸ್ತೂರಿ ಕೇಳತೊಡಗಿದಳು. ಹೆಚ್ಚಿನ ದಿನ ಇಲ್ಲ ಎಂಬ ಉತ್ತರ. ಹಾಲು ಉಕ್ಕಿಸಿದ ದಿನ ಮಾತ್ರ, “ಹೌದು, ಭಾಳ ಬಂದೈತಿ” ಎಂದು ನೀಲವ್ವ ಗದರಿದಳು. ಕಸ್ತೂರಿ ಏಟಿಗೆ ಕಾದಳು. ನೀಲವ್ವ ಗೊಣಗುತ್ತ ಒಲೆ ಒರೆಸಿದಳು, ಊಟಕ್ಕೆ ಕೂತಳು, ಉಪ್ಪು ಕೇಳಿದಳು. ಬೇರೇನೂ ಆಗಲಿಲ್ಲ.

ಹೆದರಿಕೆ ಪೂರಾ ಹೋಯಿತೆಂದು ನಾನು ಹೇಳಲಾರೆ. ಈಗ ನೀಲವ್ವ ಇಲ್ಲ. ನನ್ನ ಮೈ ನಡುವೆ ಸೀಳಿದೆ. ಹಿಟ್ಟಿನ ಡಬ್ಬದ ಮೇಲೆ ಮುಚ್ಚಳವಾಗಿ ಕೂತಿದ್ದೇನೆ. ಇವತ್ತಿಗೂ ಬೀದಿಯಲ್ಲಿ ಯಾರದೋ ದನಿ ಏರಿದರೆ ಕಸ್ತೂರಿಯ ಕೈ ನಿಲ್ಲುತ್ತದೆ.

ನಿನ್ನೆ ಅವಳ ಮಗಳು ಶಾಲೆಯಿಂದ ಓಡುತ್ತ ಬಂದಳು. ನೇರ ಒಳಗೇ ನುಗ್ಗಿ, “ಅವ್ವಾ, ಛತ್ರಿ ಕಳದೆ. ಹಸಿವಾಗೇತಿ” ಎಂದಳು. ಕಸ್ತೂರಿಗೆ ಸಿಟ್ಟು ಬಂತು, ಚೆನ್ನಾಗಿ ಬೈದಳು. ಹುಡುಗಿ ತಟ್ಟೆ ಎಳೆದುಕೊಂಡು ತಿನ್ನತೊಡಗಿದ್ದಳು. ತಾಯಿಯ ಮುಖವನ್ನು ಅವಳು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಕಸ್ತೂರಿ ಬೈಯುವುದನ್ನು ನಿಲ್ಲಿಸಿ, ಅವಳು ತಿನ್ನುವುದನ್ನೇ ನೋಡುತ್ತ ಕೂತಳು.