ಇಪ್ಪತ್ತನೇ ತಾರೀಖು ಶುಕ್ರವಾರ

ಔರಾದ ಬಸ್ ನಿಲ್ದಾಣದ ಎದುರು ಜಿಜಾಬಾಯಿಯ ಖಾನಾವಳಿ. ಬೀದರಿನ ಚಿದ್ರಿಯಿಂದ ಬಂದು ಇಲ್ಲಿ ನರ್ಸ್ ಆಗಿರುವ ತರನ್ನುಮಳಿಗೆ ಎರಡು ಹೊತ್ತಿನ ಊಟ ಅಲ್ಲೇ. ಫೆಬ್ರವರಿ ಮೂರಕ್ಕೆ ಇಬ್ಬರೂ ಭಾಲ್ಕಿಗೆ ಹೋಗಿ, ತರನ್ನುಮಳ ಕ್ರೆಡಿಟ್ ಕಾರ್ಡಿನಲ್ಲಿ ಖಾನಾವಳಿಗೆ ಹದಿನೆಂಟು ಸಾವಿರದ ಫ್ರಿಜ್ ತಂದಿದ್ದರು. ಬಿಲ್ಲು ತಯಾರಾಗುವುದು ಪ್ರತಿ ತಿಂಗಳು ಎರಡಕ್ಕೆ, ತುಂಬಲು ಇಪ್ಪತ್ತರವರೆಗೆ ಸಮಯ. ಮೂರಕ್ಕೆ ಕೊಂಡರೆ ಒಂದೂವರೆ ತಿಂಗಳು ಬಡ್ಡಿಯಿಲ್ಲವೆಂದು ತರನ್ನುಮ ಯೋಚಿಸಿಯೇ ಆ ದಿನ ಆರಿಸಿದ್ದಳು.

ಜಿಜಾಬಾಯಿ ಫ್ರಿಜ್ಜಿನ ಹಣ ಕೊಟ್ಟದ್ದು, ತರನ್ನುಮ ಅದನ್ನು ಬ್ಯಾಂಕಿಗೆ ತುಂಬಿದ್ದು ಮಾರ್ಚ್ ಇಪ್ಪತ್ತೊಂದಕ್ಕೆ. ಇಪ್ಪತ್ತು ಶುಕ್ರವಾರ, ಶುಕ್ರವಾರ ಆಕೆ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವವಳಲ್ಲ.

ಈಗ ಹೊಸ ಬಿಲ್ಲು ಬಂದಿತ್ತು. ತರನ್ನುಮ ರೊಟ್ಟಿ ಮುರಿದು ಹಾಗೇ ಕೂತಿದ್ದಳು.

"ಯಾಕ ಬೇಟಿ, ಪಲ್ಯಾದಾಗ ಉಪ್ಪು ಹೆಚ್ಚಾಗ್ಯಾದ?"

"ಏನಿಲ್ರಿ ಮೌಶಿ."

"ಏನಿಲ್ಲ ಅನ್ನೋರ ಮಾರಿ ಹಿಂಗಿರಲ್ಲ. ಹೇಳು."

"ಫ್ರಿಜ್ಜಿಗಿ ಬಡ್ಡಿ ಬಂದದ್ರಿ. ಸಾವಿರದ ನೂರಿಪ್ಪತ್ತು."

"ಒಂದು ದಿನಕ್ಕ? ಬ್ಯಾಂಕಿನವರೋ, ದರೋಡಿ ಮಾಡೋರೋ?"

"ಒಂದು ದಿನದ್ದಲ್ರಿ. ಇಪ್ಪತ್ತರೊಳಗ ಪೂರಾ ತುಂಬಿದ್ರ ಬಡ್ಡಿ ಮಾಫ್. ತಪ್ಪಿದ್ರ ಫ್ರಿಜ್ ತಂದ ದಿನದಿಂದ ಎಣಸ್ತಾರ. ನಲವತ್ತಾರು ದಿನ."

"ಸ್ವಲ್ಪ ತುಂಬಿದ್ರ?"

"ಕಮ್ಮಿ ಅಂದ್ರ ಇಷ್ಟು ತುಂಬ್ರಿ ಅಂತ ಬಿಲ್ಲಿನಾಗ ಬರೆದಿರ್ತಾರ. ಅಷ್ಟು ತುಂಬಿದ್ರ ದಂಡ ತಪ್ಪತದ, ಬಡ್ಡಿ ತಪ್ಪಲ್ಲ."

ಜಿಜಾಬಾಯಿ ಸ್ಟೂಲು ಎಳೆದು ಎದುರಿಗೆ ಕೂತಳು. "ಮೂವತ್ತು ವರ್ಷದಾಗ ಒಬ್ಬರದೂ ಮುಳಗಿಸಿಲ್ಲ. ಎಲ್ಲಾ ಬಿಟ್ಟು ನಿನಗ ಪೆಟ್ಟು ಕೊಟ್ಟೆ. ಅದನ್ನೂ ಮುಚ್ಚಿಟ್ಟು ನೀನ ತುಂಬಬೇಕಂತಿದ್ದಿ, ಹೌದಲ್ಲ?"

ತರನ್ನುಮ ತಲೆ ತಗ್ಗಿಸಿದಳು. "ನಾ ಗುರುವಾರನ ನೆನಪು ಮಾಡಬೇಕಿತ್ತು, ಮೌಶಿ. ತಪ್ಪು ನಂದೂ ಅದ."

ಜಿಜಾಬಾಯಿ ಎದ್ದು ಗಲ್ಲಾಪೆಟ್ಟಿಗೆಯ ಮುಚ್ಚಳ ತೆರೆದಳು. ಕೈ ಅಲ್ಲೇ ನಿಂತಿತು. ಗೋಡೆಯ ಕ್ಯಾಲೆಂಡರ್ ನೋಡಿದಳು. ಏಪ್ರಿಲ್ ಮೂರು, ಅಂದೂ ಶುಕ್ರವಾರ.

"ನಾಳಿ ಕೊಡ್ರಿ. ಇನ್ನೂ ಟೈಮ್ ಅದ," ಎಂದಳು ತರನ್ನುಮ.

"ನಾಳಿ ಅಂದೇ ನಿನಗ ಇಷ್ಟು ಬಡ್ಡಿ ಹಚ್ಚೀನಿ." ಮಗ, ಸೊಸೆ ಯಾರಿಗೂ ಮುಟ್ಟಲು ಬಿಡದ ಪೆಟ್ಟಿಗೆಯನ್ನು ಆಕೆ ಮೇಜಿನ ಮೇಲೆ, ರೊಟ್ಟಿಯ ತಟ್ಟೆಯ ಪಕ್ಕ ತಂದಿಟ್ಟಳು. "ನಾ ಅಂತೂ ಕೊಡಂಗಿಲ್ಲ. ನೀ ಮನಿ ಮಗಳು. ಕೈ ಹಾಕಿ ತಗೋ."

ಆಕೆ ಬೇಕೆಂದೇ ಬೆನ್ನು ತಿರುಗಿಸಿ ಒಲೆಯ ಕಡೆ ನಡೆದಳು.